ಸೌದಿಯಲ್ಲಿ ಮಗನ ಬದಲು ತಮ್ಮನಿಗೆ ಪಟ್ಟ ಯಾಕೆ?

"ಸೌದಿ ಅರೇಬಿಯಾ ಕಟ್ಟಿದ ದೊರೆ ಅಬ್ದುಲ್ ಅಝೀಝ್ ಆದಮೇಲೆ ಬರೀ ಅಣ್ಣತಮ್ಮಂದಿರೇ ದೊರೆಗಳಾದರಲ್ಲ, ಅದು ಕಾನೂನೇ?" ಅಂತ ಕೇಳಿದ್ದೀರಿ. ಮೊದಲು ಅದು ಬರೀ ರೂಢಿ. 1953ರಲ್ಲಿ ಅವರು ತೀರಿಕೊಂಡ ಮೇಲೆ ಸೌದ್, ಫೈಸಲ್, ಖಾಲಿದ್, ಫಹದ್, ಅಬ್ದುಲ್ಲಾ, ಈಗ ಸಲ್ಮಾನ್. ಆರೂ ಜನ ಅವರ ಮಕ್ಕಳೇ. ಆದರೆ ಫಹದ್, ಸಲ್ಮಾನ್ ಮಾತ್ರ ಒಂದೇ ತಾಯಿಯ ಮಕ್ಕಳು.

1992ರ ಮೂಲ ಶಾಸನದ (ದೇಶದ ಆಡಳಿತದ ಮೂಲ ಕಾನೂನಿನ) 5ನೇ ವಿಧಿಯಲ್ಲೂ ಹಿರಿತನದ ಮಾತಿಲ್ಲ. ಅಬ್ದುಲ್ ಅಝೀಝ್‌ರ ಮಕ್ಕಳು, ಮೊಮ್ಮಕ್ಕಳಲ್ಲಿ ಯೋಗ್ಯನಿಗೆ ಪಟ್ಟ, ಅಷ್ಟೆ. ಯೋಗ್ಯ ಯಾರು ಅನ್ನುವುದೇ ತಕರಾರು! 2015ರಲ್ಲಿ ಸಲ್ಮಾನ್, ಯುವರಾಜನಾಗಿದ್ದ ತಮ್ಮನಾದ ಮುಕ್ರಿನ್‌ರನ್ನು ಇಳಿಸಿ, ಅಣ್ಣನ ಮಗ ಮೊಹಮ್ಮದ್ ಬಿನ್ ನಾಯೆಫ್‌ರನ್ನು ಯುವರಾಜ ಮಾಡಿದರು. 2017ರ ಜೂನ್‌ನಲ್ಲಿ ಅವರನ್ನೂ ತೆಗೆದು ಸ್ವಂತ ಮಗ ಮೊಹಮ್ಮದ್ ಬಿನ್ ಸಲ್ಮಾನ್‌ರನ್ನು ತಂದರು.

ಓದುವವರು ಎಡವುವುದು ಇಲ್ಲೇ, ಇಬ್ಬರೂ ಮೊಹಮ್ಮದ್. 'ಬಿನ್' ಅಂದರೆ ಮಗ. ಅದರ ನಂತರ ಬರುವುದು ಅಪ್ಪನ ಹೆಸರು, ಅದನ್ನು ನೋಡಿ.