ಯಾರಿಗೂ ತೊಂದರೆಯಾಗದ ಬಿ.ಎಡ್.

ಪ್ರಶ್ನೆ: ನನಗೆ 34 ವರ್ಷ. ಬಿ.ಎಸ್ಸಿ. ಮುಗಿಸಿದ್ದೇನೆ, ಶೇ 61 ಅಂಕ ಬಂದಿತ್ತು. ಆರು ವರ್ಷಗಳಿಂದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಎಂಟರಿಂದ ಹತ್ತನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಬಿ.ಎಡ್. ಆಗಿಲ್ಲ. ನನಗಿಂತ ಮೂರು ವರ್ಷ ತಡವಾಗಿ ಬಂದ, ಬಿ.ಎಡ್. ಆಗಿರುವ ಸಹೋದ್ಯೋಗಿಗೆ ನನ್ನ ಸಂಬಳದ ಹತ್ತಿರಹತ್ತಿರ ಎರಡರಷ್ಟು ಸಿಗುತ್ತದೆ. ಈಗ ಆಡಳಿತ ಮಂಡಳಿಯವರು ಎರಡು ವರ್ಷದೊಳಗೆ ಪದವಿ ತರಬೇಕು ಎಂದಿದ್ದಾರೆ. ಹೊರರಾಜ್ಯದ ವಿಶ್ವವಿದ್ಯಾಲಯವೊಂದರಿಂದ ಆನ್‌ಲೈನ್‌ನಲ್ಲಿ ಒಂದೇ ವರ್ಷಕ್ಕೆ ಬಿ.ಎಡ್. ಮಾಡಿಸುತ್ತೇವೆ, ತರಗತಿಗೆ ಬರಬೇಕಾಗಿಲ್ಲ, ಯುಜಿಸಿ ಮಾನ್ಯತೆ ಇದೆ, ಅನುಭವ ಪತ್ರ ಕೊಟ್ಟರೆ ಸಾಕು ಎಂದು ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಶುಲ್ಕ 80 ಸಾವಿರ. ಮಗಳು ಒಂದನೇ ತರಗತಿಯಲ್ಲಿದ್ದಾಳೆ, ಅತ್ತೆಗೆ ಮಂಡಿನೋವು. ‘ದುಡ್ಡು ಕಟ್ಟಿ ಮುಗಿಸಿಬಿಡು’ ಎನ್ನುತ್ತಾರೆ ಯಜಮಾನರು. ಯಾರಿಗೂ ತೊಂದರೆಯಾಗದಂತೆ ಓದಲು ನನಗೆ ಇದೊಂದೇ ದಾರಿ ಕಾಣುತ್ತಿದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಕಡೆ, ಆರು ವರ್ಷ ಪಾಠ ಮಾಡಿದವಳಿಗೆ ಹೊಸದಾಗಿ ಕಲಿಯಲು ಏನಿದೆ ಎಂದೂ ಅನ್ನಿಸುತ್ತದೆ. ಏನು ಮಾಡಲಿ?
ವಿ.ಸೂ.: 10 ಸಾವಿರ ಮುಂಗಡ ಕೊಟ್ಟಾಗಿದೆ. ಅಂಕಪಟ್ಟಿಗಳನ್ನೂ ತೆಗೆದುಕೊಂಡಿದ್ದಾರೆ.
— ಹೆಸರು ಬೇಡ

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಗಟ್ಟಿ ಕಾರಣವಿದೆ. ಮೊದಲು ಆ ಕಾರಣವನ್ನು ಕಾಗದಪತ್ರದ ಭಾಷೆಯಲ್ಲಿ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

ಏಜೆಂಟರು ಹೇಳಿದ ಮಾತುಗಳಲ್ಲಿ ಅರ್ಧ ನಿಜ. ಅದಕ್ಕೇ ಅವು ಅಪಾಯಕಾರಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯ ಪ್ರಕಾರ, ಅನುಮತಿ ಪಡೆದ ವಿಶ್ವವಿದ್ಯಾಲಯ ಕೊಡುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ನೀವು ಎಂ.ಎ. ಮಾಡಬೇಕೆಂದು ಕೇಳಿದ್ದರೆ, ಆ ವಿಶ್ವವಿದ್ಯಾಲಯದ ಹೆಸರು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಧೈರ್ಯವಾಗಿ ಸೇರಿ ಎಂದು ಎರಡು ಸಾಲಿನಲ್ಲಿ ಉತ್ತರ ಮುಗಿಸುತ್ತಿದ್ದೆ. ಬಿ.ಎಡ್. ಹಾಗಲ್ಲ, ಅದು ಎರಡು ಬೀಗದ ಬಾಗಿಲು. ಒಂದರ ಕೀಲಿಕೈ ಯುಜಿಸಿಯ ಹತ್ತಿರವಿದ್ದರೆ ಇನ್ನೊಂದರದ್ದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇ ಕೈಯಲ್ಲಿದೆ. ಏಜೆಂಟರು ಮೊದಲ ಕೀಲಿಯನ್ನು ಮಾತ್ರ ಗಲಗಲ ಆಡಿಸುತ್ತಿದ್ದಾರೆ.

ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿತು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ತರಗತಿಗಳಲ್ಲಿ ಶೇ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ 90. ಆ ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ ನಾಲ್ಕು, ಎರಡನೇ ವರ್ಷ ಹದಿನಾರು. ಕುಳಿತಲ್ಲೇ, ಪೂರ್ತಿ ಆನ್‌ಲೈನ್‌ನಲ್ಲಿ ಮುಗಿಯುವ ಬಿ.ಎಡ್. ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. ‘ಒಂದು ವರ್ಷದ ಬಿ.ಎಡ್. ಮತ್ತೆ ಬಂದಿದೆಯಲ್ಲ’ ಎಂದು ಏಜೆಂಟರು ವಾದಿಸಬಹುದು. 2025ರ ಫೆಬ್ರುವರಿಯಲ್ಲಿ ಎನ್‌ಸಿಟಿಇ ಹೊರತಂದ ಕರಡು ನಿಯಮದಲ್ಲಿ ಅಂಥ ಪ್ರಸ್ತಾಪ ಇದ್ದದ್ದು ಹೌದು. ಆದರೆ ಅದು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ. ಮೂರು ವರ್ಷದ ಬಿ.ಎಸ್ಸಿ. ಆದ ನಿಮಗೆ ಅದು ಹೇಗೂ ಒದಗುವುದಿಲ್ಲ.

ದೂರಶಿಕ್ಷಣದ ಬಿ.ಎಡ್. ಎಂಬುದೊಂದು ನಿಜಕ್ಕೂ ಇದೆ. ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಇಂಥ ಬಿ.ಎಡ್. ಕೊಡುತ್ತದೆ. ಅದೂ ಎರಡು ವರ್ಷದ್ದೇ, ಐದು ವರ್ಷದವರೆಗೆ ಎಳೆಯಬಹುದು. ಆದರೆ ಅದು ಈಗಾಗಲೇ ಡಿ.ಎಡ್. ಅಥವಾ ಡಿ.ಎಲ್.ಎಡ್.ನಂಥ ಪ್ರಾಥಮಿಕ ಶಿಕ್ಷಕರ ತರಬೇತಿ ಮುಗಿಸಿರುವ ಶಿಕ್ಷಕರಿಗಾಗಿ ಇರುವುದು. ‘ತರಬೇತಿ ಪಡೆದ’ ಎಂಬ ಎರಡು ಪದಗಳನ್ನು ಏಜೆಂಟರು ನುಂಗಿಕೊಂಡು ‘ಅನುಭವ ಪತ್ರ ಸಾಕು’ ಎಂದಿದ್ದಾರೆ. ನಿಮ್ಮ ಆರು ವರ್ಷದ ಅನುಭವಕ್ಕೆ ನನ್ನ ಗೌರವವಿದೆ, ನಿಯಮದ ಕಣ್ಣಿಗೆ ಮಾತ್ರ ಅದು ತರಬೇತಿ ಅಲ್ಲ.

ಕಾಗದ ಒಮ್ಮೆ ಕೈಗೆ ಬಂದರೆ ಆಮೇಲೆ ಯಾರು ಕೇಳುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಕೇಳುತ್ತಾರೆ. 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು, ತರಬೇತಿ ಇಲ್ಲದ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕು ಎಂದರು. ಅವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೇ 18 ತಿಂಗಳ ಡಿ.ಎಲ್.ಎಡ್. ನಡೆಸಿತು. ಲಕ್ಷಾಂತರ ಶಿಕ್ಷಕರು ಸೇರಿದರು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, 18 ತಿಂಗಳದ್ದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮಾನವಲ್ಲ ಎಂದುಬಿಟ್ಟಿತು. ಆಗಲೇ ನೌಕರಿಯಲ್ಲಿದ್ದು ಗಡುವಿನೊಳಗೆ ಮುಗಿಸಿದವರ ಮಟ್ಟಿಗೆ ಅದು ಮಾನ್ಯ ಎಂಬ ಸ್ಪಷ್ಟನೆ ಬರುವ ಹೊತ್ತಿಗೆ 2024ರ ಡಿಸೆಂಬರ್ ಆಗಿತ್ತು. ಒಂದು ವರ್ಷ ಆ ಶಿಕ್ಷಕರು ಹೇಗೆ ನಿದ್ದೆ ಮಾಡಿರಬೇಕು, ಯೋಚಿಸಿ. ಸರ್ಕಾರವೇ ನಡೆಸಿದ ಕೋರ್ಸಿಗೆ ಈ ಗತಿಯಾದರೆ, ಏಜೆಂಟರ ಬಾಯಿಮಾತಿನ ಕೋರ್ಸಿನ ಪರವಾಗಿ ನಾಳೆ ಯಾವ ಕೋರ್ಟಿನಲ್ಲಿ ಯಾರು ನಿಲ್ಲುತ್ತಾರೆ?

ಇನ್ನು ‘ಕಲಿಯಲು ಏನಿದೆ’ ಎಂಬ ನಿಮ್ಮ ಪ್ರಶ್ನೆ. ಇದು ನನಗೆ ಇಷ್ಟವಾಯಿತು, ಏಕೆಂದರೆ ನಾನೂ ಇದೇ ಜಂಬದಿಂದ ಬಿ.ಎಡ್.ಗೆ ಹೋದವಳು. ಆಗ ಅದು ಒಂದೇ ವರ್ಷದ್ದು. ಅದಕ್ಕೆ ಮೊದಲು ಮೂರು ವರ್ಷ ಪಾಠ ಮಾಡಿದ್ದೆ, ಮಕ್ಕಳು ಮೆಚ್ಚಿದ್ದರು, ನನಗೆ ಬರುತ್ತದೆ ಎಂದುಕೊಂಡಿದ್ದೆ. ಬೋಧನಾಭ್ಯಾಸದ ಎರಡನೇ ಪಾಠಕ್ಕೆ ನಮ್ಮ ಅಧ್ಯಾಪಕಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ನಾನು ಭಿನ್ನರಾಶಿಯ ಪಾಠವನ್ನು ಹೊಳೆ ಹರಿದಂತೆ ಮಾಡಿದೆ. ಗಂಟೆ ಬಾರಿಸಿದ ಮೇಲೆ ಅವರು ನನ್ನ ಪಾಠಯೋಜನೆಯ ಪುಸ್ತಕವನ್ನು ಮರಳಿ ಕೊಟ್ಟರು. ಅದರಲ್ಲಿ ಒಂದೇ ಒಂದು ವಾಕ್ಯ ಬರೆದಿರಲಿಲ್ಲ. ತರಗತಿಯ ಬೆಂಚುಗಳ ನಕ್ಷೆ ಗೀಚಿ, ಯಾವ ಬೆಂಚಿನಿಂದ ಉತ್ತರ ಬಂತೋ ಅಲ್ಲಿ ಕೆಂಪು ಗೀಟು ಹಾಕಿದ್ದರು. ಮೊದಲ ಎರಡು ಸಾಲಿನಲ್ಲಿ ಹನ್ನೊಂದು ಗೀಟು. ನಡುವೆ ಎರಡು. ಹಿಂದಿನ ಮೂರು ಸಾಲು ಖಾಲಿ. ಅಂಚಿನಲ್ಲಿ ಸಣ್ಣದಾಗಿ ‘ಕಾಯುತ್ತಿಲ್ಲ’ ಎಂದಿತ್ತು, ಅಷ್ಟೇ.

ಆ ‘ಕಾಯುತ್ತಿಲ್ಲ’ದ ಅರ್ಥ ನನಗೆ ಆಮೇಲೆ ಹೊಳೆಯಿತು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುತ್ತಿದ್ದವರೂ ಬಾಯಿ ಬಿಡುತ್ತಾರೆ. ಈ ಸಂಗತಿಯನ್ನು ಯಾವ ವಿಡಿಯೊ ಪಾಠದಲ್ಲಾದರೂ ಎರಡು ನಿಮಿಷದಲ್ಲಿ ತಿಳಿಯಬಹುದು. ನಾನು ಕಾಯುತ್ತಿಲ್ಲ ಎಂಬುದನ್ನು ಮಾತ್ರ, ಕೊನೆಯ ಬೆಂಚಿನಲ್ಲಿ ಇನ್ನೊಬ್ಬರು ಕುಳಿತ ಹೊರತು ನನಗೆ ತಿಳಿಯುತ್ತಿರಲಿಲ್ಲ. ಮೂರು ವರ್ಷ ಪಾಠ ಮಾಡಿದ್ದೆನಲ್ಲ, ತಿಳಿದಿರಲಿಲ್ಲ.

ನಂಬಿಕೆ ಬಾರದಿದ್ದರೆ ನಾಳೆ ಎಂಟನೇ ತರಗತಿಯ ಒಂದು ಪೀರಿಯಡ್ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ರಾತ್ರಿ ಕೇಳಿ. ಎಷ್ಟು ಪ್ರಶ್ನೆಗೆ ನೀವೇ ಉತ್ತರ ಹೇಳಿದಿರಿ, ಎಷ್ಟು ಮಕ್ಕಳ ಹೆಸರು ನಿಮ್ಮ ಬಾಯಿಂದ ಬಂತು, ಗೀಟು ಹಾಕಿ. ಆರು ವರ್ಷ ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಯಾರೂ ಬಂದು ಕುಳಿತಿಲ್ಲ ಎಂದು ನನ್ನ ಊಹೆ. ಆ 20 ವಾರಗಳ ಇಂಟರ್ನ್‌ಶಿಪ್ ಇರುವುದು ಅದಕ್ಕೆ. ಬಿ.ಎಡ್.ನಲ್ಲಿ ತತ್ತ್ವಶಾಸ್ತ್ರ, ಮನೋವಿಜ್ಞಾನ ಎಂದು ಓದಿಸುವುದರಲ್ಲಿ ಬಹುಪಾಲನ್ನು ಮನೆಯಲ್ಲಿ ಕುಳಿತು ಓದಬಹುದು, ನನ್ನ ತಕರಾರಿಲ್ಲ. ಕೆಲವು ಕಾಲೇಜುಗಳಲ್ಲಿ ಟಿಪ್ಪಣಿ ಬರೆಸುವುದನ್ನೇ ಪಾಠ ಎನ್ನುತ್ತಾರೆ, ಅದಕ್ಕಿಂತ ಒಳ್ಳೆಯ ವಿಡಿಯೊ ಎಷ್ಟೋ ಮೇಲು. ಆದರೆ ಏಜೆಂಟರು ನಿಮಗೆ ಬಿಟ್ಟುಕೊಡುತ್ತೇವೆ ಎನ್ನುತ್ತಿರುವುದು ಆ ಟಿಪ್ಪಣಿಯನ್ನಲ್ಲ, ಈ 20 ವಾರಗಳನ್ನು.

ಹಾಗೆಂದು ಸಿಕ್ಕ ಕಾಲೇಜಿಗೆಲ್ಲ ಸೇರಬೇಡಿ. ‘ಹೆಸರು ನೋಂದಾಯಿಸಿ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಕಾಲೇಜುಗಳೂ ಇವೆ. ಅವು ಆನ್‌ಲೈನ್ ಅಲ್ಲ, ಅಷ್ಟೇ ವ್ಯತ್ಯಾಸ. ಎನ್‌ಸಿಟಿಇ ಜಾಲತಾಣದಲ್ಲಿ ದಕ್ಷಿಣ ಪ್ರಾದೇಶಿಕ ಸಮಿತಿಯ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಇದೆ, ಅದನ್ನು ನೋಡಿ. ಪದವಿಯಲ್ಲಿ ಶೇ 50 ಅಂಕ ಬೇಕು, ನಿಮಗೆ 61 ಇದೆ. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅಂಕಗಳ ಆಧಾರದಲ್ಲಿ ಹಂಚುತ್ತದೆ. ಅಲ್ಲಿ ಅರ್ಜಿ ಹಾಕದೆ ಯಾರಿಗೂ ದುಡ್ಡು ಕೊಡಬೇಡಿ. ಆರರಿಂದ ಎಂಟನೇ ತರಗತಿಯವರೆಗಿನ ಬೋಧನೆಗೆ ಬಿ.ಎಡ್. ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಕೂಡ ಬೇಕು ಎಂಬುದನ್ನೂ ನೆನಪಿಡಿ. ಅದರ ತಯಾರಿಗೆ ಬೇಕಾದರೆ ಆನ್‌ಲೈನ್ ಪಾಠ ಧಾರಾಳವಾಗಿ ಬಳಸಿ.

ಈಗ ಮನೆಯ ವಿಷಯ. ನೀವು ಕಳಿಸಿದ ಪತ್ರ ಇಲ್ಲಿ ಅಚ್ಚಾದದ್ದಕ್ಕಿಂತ ಉದ್ದವಿತ್ತು. ಅದರಲ್ಲಿ ‘ಯಾರಿಗೂ ತೊಂದರೆಯಾಗದಂತೆ’ ಎಂಬ ಮಾತು ಮೂರು ಸಲ ಬಂದಿದೆ. ನೀವು ಆನ್‌ಲೈನ್ ಬಿ.ಎಡ್. ಆರಿಸಿಕೊಂಡಿರುವುದು ಅದು ಒಳ್ಳೆಯದೆಂದಲ್ಲ, ಅದಕ್ಕಾಗಿ ಮನೆಯಲ್ಲಿ ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂದು. ಬೆಳಿಗ್ಗೆ ಮಗಳನ್ನು ಸಿದ್ಧ ಮಾಡುವವರು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಸಂಜೆ ಮನೆ ನೋಡಿಕೊಳ್ಳುವವರು ಎಲ್ಲ ನೀವೇ ಆಗಿ ಉಳಿದು, ಎಲ್ಲರೂ ಮಲಗಿದ ಮೇಲೆ ಸದ್ದಿಲ್ಲದೆ ಪದವೀಧರೆಯಾಗಬೇಕು ಎಂಬುದು ನಿಮ್ಮ ಲೆಕ್ಕ.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ‘ದುಡ್ಡು ಕಟ್ಟಿ ಮುಗಿಸಿಬಿಡು’ ಎಂದವರು 80 ಸಾವಿರ ಕೊಡಲು ಸಿದ್ಧರಿದ್ದಾರಲ್ಲ. ಅವರ ಮುಂದೆ ನೀವು ಇಟ್ಟದ್ದೇ ಒಂದು ದಾರಿ, ಅದಕ್ಕೆ ಹೂಂ ಎಂದಿದ್ದಾರೆ. ಎರಡು ವರ್ಷದ ದಾರಿಯನ್ನು ಅವರ ಮುಂದೆ ಇಟ್ಟಿದ್ದೀರಾ? ಪತ್ರದಲ್ಲಿ ಎಲ್ಲೂ ಆ ಮಾತಿಲ್ಲ. ಇಡುವಾಗ ‘ಸ್ವಲ್ಪ ಸಹಕಾರ ಕೊಡಿ’ ಎಂಬ ಮಾತು ಬೇಡ, ಅದು ಯಾರಿಗೂ ಅರ್ಥವಾಗುವುದಿಲ್ಲ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು ನಿಮ್ಮದು, ಅಮ್ಮನ ಮಂಡಿಯ ಚಿಕಿತ್ಸೆಗೆ ತಿಂಗಳಿಗೊಮ್ಮೆ ರಜೆ ಹಾಕುವುದು ನಿಮ್ಮದು, ಎರಡನೇ ವರ್ಷದ ಆ ಹದಿನಾರು ವಾರ ಸಂಜೆಯ ಕೆಲಸವೂ ನಿಮ್ಮದು ಎಂದು ಹೆಸರಿಟ್ಟು ಹೇಳಿ. ಅತ್ತೆಯವರಿಗೂ ನೇರವಾಗಿ ಹೇಳಿ. ಸೊಸೆ ಕೇಳಲಿ ಎಂದೇ ಕಾಯುತ್ತಿದ್ದ ಅತ್ತೆಯರನ್ನು ನಾನು ಕಂಡಿದ್ದೇನೆ. ಹಾಗಲ್ಲದವರನ್ನೂ ಕಂಡಿದ್ದೇನೆ ಅನ್ನಿ.

ಕಷ್ಟದ ಮಾತು ದುಡ್ಡಿನದು. ಪೂರ್ಣಾವಧಿ ಬಿ.ಎಡ್. ಜೊತೆಗೆ ಪೂರ್ಣಾವಧಿ ನೌಕರಿ ಸಾಗದು. ಎರಡು ವರ್ಷದ ಸಂಬಳ ಹೋಗುತ್ತದೆ, ಅದನ್ನು ಮರೆಮಾಚಲಾರೆ. ಆದರೆ ಗಡುವು ಕೊಟ್ಟ ಆಡಳಿತ ಮಂಡಳಿಯವರು ಎರಡು ವರ್ಷ ಎಂದೇ ಹೇಳಿದ್ದಾರೆ. ಹಾಗಾದರೆ ಓದಿ ಬಂದ ಮೇಲೆ ಇದೇ ಹುದ್ದೆ, ಬಿ.ಎಡ್. ಆದವರ ಸಂಬಳ ಎಂದು ಬರೆದು ಕೊಡಿ ಎಂದು ಕೇಳಿ. ಕೊಟ್ಟರೆ ಸರಿ. ಕೊಡದಿದ್ದರೆ, ಆರು ವರ್ಷ ಅರ್ಧ ಸಂಬಳಕ್ಕೆ ದುಡಿದವರ ಬೆಲೆ ಅವರಿಗೆ ಎಷ್ಟೆಂದು ಗೊತ್ತಾಯಿತು, ಪದವಿ ಹಿಡಿದು ಬೇರೆ ಶಾಲೆಗೆ ಹೋಗಲು ಮುಜುಗರ ಉಳಿಯುವುದಿಲ್ಲ. ಗಣಿತದ ಮನೆಪಾಠ ಸ್ವಲ್ಪ ಕೈಹಿಡಿಯುತ್ತದೆ, ಕಟ್ಟಬೇಕೆಂದಿದ್ದ 80 ಸಾವಿರದಲ್ಲಿ ಉಳಿದದ್ದೂ ಇದೆ. ಇಷ್ಟಾಗಿಯೂ ಈ ವರ್ಷ ಸಾಧ್ಯವೇ ಇಲ್ಲವೆಂದರೆ ಒಂದು ವರ್ಷ ತಡೆದು ಸೇರಿ. 35ಕ್ಕೆ ಸೇರಿದರೆ 37ಕ್ಕೆ ಮುಗಿಯುತ್ತದೆ. ಮುಂದೆ ಎರಡು ದಶಕದ ಪಾಠ ಬಾಕಿ ಇರುತ್ತದೆ.

ಇದೆಲ್ಲ ನಿಧಾನವಾಗಿ ಯೋಚಿಸಿ. ನಿಧಾನ ಕೂಡದ್ದು ನಿಮ್ಮ ವಿ.ಸೂ.ನ ಸಂಗತಿ. ಏಜೆಂಟರು ತೆಗೆದುಕೊಂಡದ್ದು ಅಂಕಪಟ್ಟಿಯ ಜೆರಾಕ್ಸ್ ಪ್ರತಿಯೋ ಮೂಲ ಪ್ರತಿಯೋ ನೀವು ಬರೆದಿಲ್ಲ. ಮೂಲ ಪ್ರತಿಯಾಗಿದ್ದರೆ ಈ ಪತ್ರಿಕೆ ಕೈಗೆ ಬಂದ ದಿನವೇ ಹೋಗಿ ತನ್ನಿ, ‘ಮುಂದಿನ ವಾರ ಬನ್ನಿ’ ಎಂದರೆ ಒಪ್ಪಬೇಡಿ. ಮುಂಗಡವನ್ನೂ ಕೇಳಿ, ಬಂದರೆ ಪುಣ್ಯ. ಒಬ್ಬರೇ ಹೋಗಬೇಡಿ. ಯಜಮಾನರಿಗೆ ಅರ್ಧ ದಿನ ರಜೆ ಹಾಕಲು ಹೇಳಿ, ಜೊತೆಗೆ ಕರೆದುಕೊಂಡು ಹೋಗಿ. ತೊಂದರೆ ಕೊಡುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.