ನೀವು ಕೇಳಿದ್ದು: ಭೂಗೋಳ ಅಂದರೆ ಬರೀ ರಾಜಧಾನಿಗಳ ಪಟ್ಟಿನಾ?

ಭೂಗೋಳದ ಬಗ್ಗೆ ಏನೇ ಡೌಟಿದ್ದರೂ ಕಳಿಸಿ, ಸಣ್ಣದು ಅಂತ ನಾಚಿಕೊಳ್ಳಬೇಡಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಯಾರೂ ನಾಚಿಕೊಂಡಿಲ್ಲ! ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಪರೀಕ್ಷೆಗೆ ಐದು ಅಂಕದ ಉತ್ತರ ಬರೆದುಕೊಡಿ ಅಂದವರನ್ನು ಮಾತ್ರ ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸು. ನದಿ, ಬೆಟ್ಟ, ರಾಜಧಾನಿ ಬಾಯಿಪಾಠ ಮಾಡಿ ಸಾಕಾಗಿದೆ. ಭೂಗೋಳ ಅಂದರೆ ಇಷ್ಟೇನಾ? ಅದರಲ್ಲೂ ಪ್ರಾಕೃತಿಕ ಭೂಗೋಳ, ಮಾನವ ಭೂಗೋಳ ಅಂತ ಎರಡೆರಡು ಯಾಕೆ?

ಉತ್ತರ: ಬಾಯಿಪಾಠ ನನಗೂ ಆಗುತ್ತಿರಲಿಲ್ಲ. ಹೆಸರುಗಳು ಬೇಕು, ಅ ಆ ಇ ಈ ಬೇಕಾದ ಹಾಗೆ. ಅಷ್ಟಕ್ಕೇ ನಿಂತರೆ ಓದಲು ಬರುವುದಿಲ್ಲ. ಭೂಗೋಳ ಕೇಳುವುದು ಮುಖ್ಯವಾಗಿ ಎರಡು ಮಾತು: ಇದು ಎಲ್ಲಿದೆ, ಅಲ್ಲೇ ಯಾಕಿದೆ.

ಒಂದು ಕಥೆ ಹೇಳುತ್ತೇನೆ. 1854ರಲ್ಲಿ ಲಂಡನ್ನಿನ ಸೋಹೋ ಅನ್ನುವ ಕಡೆ ಕಾಲರಾ ಬಂತು. ಹತ್ತು ದಿನದಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಯಿಲೆ ಬರುತ್ತದೆ ಅನ್ನುವುದು ಆಗಿನವರ ನಂಬಿಕೆ. ಜಾನ್ ಸ್ನೋ ಅನ್ನುವ ಡಾಕ್ಟರಿಗೆ ಅನುಮಾನ ನೀರಿನ ಮೇಲೆ. ಅವರು ಬೀದಿಗಳ ನಕ್ಷೆಯಲ್ಲಿ ಸಾವಾದ ಪ್ರತಿ ಮನೆಯ ಹತ್ತಿರ ಕಪ್ಪು ಗೆರೆ ಹಾಕಿದರು. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗಟ್ಟಿದವು. ಇನ್ನೂ ಮಜಾ ಅಂದರೆ, ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಏನೂ ಆಗಿರಲಿಲ್ಲ. ಅವರು ಆ ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ! ಪಂಪಿನ ಹಿಡಿಯನ್ನು ಕಿತ್ತುಹಾಕಿಸಿದರು. ಆ ಹೊತ್ತಿಗೆ ಕಾಯಿಲೆ ಆಗಲೇ ಇಳಿಮುಖವಾಗಿತ್ತು, ಅದನ್ನೂ ಹೇಳಬೇಕು. ಆದರೆ ಆ ನಕ್ಷೆ ನೋಡಿದ ಮೇಲೆ ಬರೀ ಗಾಳಿಯನ್ನು ಬೈಯುವುದು ಕಷ್ಟವಾಯಿತು.

ಬೆಟ್ಟ, ನದಿ, ಗಾಳಿ, ಮಳೆ, ಮಣ್ಣು, ಸಮುದ್ರ ಇವೆಲ್ಲ ಪ್ರಾಕೃತಿಕ ಭೂಗೋಳ. ಜನ ಎಲ್ಲಿ ನೆಲೆಸುತ್ತಾರೆ, ಯಾಕೆ ವಲಸೆ ಹೋಗುತ್ತಾರೆ, ಊರು ಹೇಗೆ ಬೆಳೆಯುತ್ತದೆ, ಗಡಿ ಎಲ್ಲಿ ಎಳೆಯುತ್ತಾರೆ, ಇದು ಮಾನವ ಭೂಗೋಳ. ಪಾಠದ ಅನುಕೂಲಕ್ಕೆ ಮಾಡಿಕೊಂಡ ಭಾಗ ಅಷ್ಟೇ. ಸೋಹೋದ ಪಂಪಿನ ನೀರು ಯಾವ ಭಾಗಕ್ಕೆ ಸೇರುತ್ತದೆ, ನೀವೇ ಹೇಳಿ.

ಪ್ರಶ್ನೆ: ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ. ನನ್ನ ಮಗಳು ಇದು ತಪ್ಪು ಅಂತಾಳೆ. ಯಾರು ಸರಿ?

ಉತ್ತರ: ಮಗಳೇ ಸರಿ. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ತೀರಾ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ನಿಮ್ಮ ಲೆಕ್ಕ ಸರಿ ಇದ್ದಿದ್ದರೆ ಜನವರಿಯಲ್ಲಿ ಯುರೋಪಿನ ಜನ ಬೆವರಬೇಕಿತ್ತು. ಅಷ್ಟೇ ಅಲ್ಲ, ಇಡೀ ಭೂಮಿಗೆ ಒಂದೇ ಸಲ ಬೇಸಿಗೆ ಬರಬೇಕಿತ್ತು. ಆದರೆ ಯುರೋಪಿನಲ್ಲಿ ಹಿಮ ಬೀಳುವಾಗ ಆಸ್ಟ್ರೇಲಿಯಾದಲ್ಲಿ ಸುಡು ಬಿಸಿಲು, ಅಲ್ವಾ?

ಕಾರಣ ಭೂಮಿಯ ವಾಲು. ಅದರ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿದೆ, ವರ್ಷಪೂರ್ತಿ ಒಂದೇ ದಿಕ್ಕಿಗೆ ಓರೆ. ಜೂನಿನಲ್ಲಿ ಉತ್ತರಾರ್ಧ ಸೂರ್ಯನ ಕಡೆ ವಾಲಿರುತ್ತದೆ, ಡಿಸೆಂಬರಿನಲ್ಲಿ ದಕ್ಷಿಣಾರ್ಧ.

ವಾಲಿದರೆ ಏನಾಯಿತು ಅಂತೀರಾ? ಇವತ್ತು ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯಿರಿ. ಸಣ್ಣ ದುಂಡನೆ ಬೆಳಕು, ಚೆನ್ನಾಗಿ ಪ್ರಖರವಾಗಿ ಬೀಳುತ್ತದೆ. ಈಗ ಕೈ ಅಲ್ಲೇ ಇಟ್ಟುಕೊಂಡು ಟಾರ್ಚನ್ನು ಓರೆ ಮಾಡಿ. ಬೆಳಕು ಮೊಟ್ಟೆಯಾಕಾರಕ್ಕೆ ಉದ್ದವಾಗಿ ಹರಡಿ ಮಂಕಾಗುತ್ತದೆ. ಟಾರ್ಚು ಅದೇ, ಸೆಲ್ಲೂ ಅದೇ. ಅಷ್ಟೇ ಬೆಳಕು ಜಾಸ್ತಿ ಜಾಗಕ್ಕೆ ಹಂಚಿಹೋಯಿತು. ಚಳಿಗಾಲದ ಬಿಸಿಲೂ ಹೀಗೇ ಓರೆಯಾಗಿ ಬೀಳುತ್ತದೆ, ಜೊತೆಗೆ ಹಗಲೂ ಚಿಕ್ಕದು. ಎರಡೂ ಸೇರಿ ನೆಲ ಕಾಯುವುದೇ ಇಲ್ಲ. ಮಗಳಿಗೇ ಟಾರ್ಚು ಹಿಡಿಯಲು ಕೊಡಿ. ಗೆದ್ದಿದ್ದಾಳಲ್ಲ!

ಪ್ರಶ್ನೆ: ಬೆಟ್ಟದ ತುದಿ ಸೂರ್ಯನಿಗೆ ಹತ್ತಿರ. ಆದರೂ ಅಲ್ಲೇ ಯಾಕೆ ಚಳಿ?

ಉತ್ತರ: ಹತ್ತಿರ ಅಂದರೆ ಎಷ್ಟು? 15 ಕೋಟಿ ಕಿ.ಮೀ.ನಲ್ಲಿ ಐದಾರು ಕಿ.ಮೀ. ಲೆಕ್ಕಕ್ಕೇ ಇಲ್ಲ.

ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿಯಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸೈಕಲ್ಲಿಗೆ ಪಂಪ್ ಹೊಡೆದವರಿಗೆ ಇದರ ತಿರುವುಮುರುವು ಗೊತ್ತು, ಗಾಳಿಯನ್ನು ಒತ್ತಿದಂತೆ ಪಂಪಿನ ಬುಡ ಬಿಸಿಯಾಗುತ್ತದೆ. ಅದೇ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ.

ಸರಾಸರಿ ಲೆಕ್ಕ ಹೇಳುವುದಾದರೆ ಪ್ರತಿ 1,000 ಮೀಟರ್ ಮೇಲೇರಿದರೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆಫ್ರಿಕಾದ ಕಿಲಿಮಂಜಾರೋ ಸಮಭಾಜಕ ವೃತ್ತದಿಂದ ಬರೀ 3 ಡಿಗ್ರಿ ದಕ್ಷಿಣಕ್ಕಿದೆ. ಎತ್ತರ 5,895 ಮೀಟರ್. ಸಮುದ್ರದ ಮಟ್ಟದಲ್ಲಿ 30 ಡಿಗ್ರಿ ಇದ್ದರೆ ತುದಿಯಲ್ಲಿ ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಸುಡು ಬಿಸಿಲಿನ ನಾಡಿನಲ್ಲಿ ಮಂಜುಗಡ್ಡೆ ಇರುವುದು ಹೀಗೆ.

ಇದೇ ಕಾರಣಕ್ಕೆ ಬೆಟ್ಟದ ಒಂದು ಕಡೆ ಮಳೆ, ಇನ್ನೊಂದು ಕಡೆ ಬರ. ತೇವದ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ಆಚೆ ಇಳಿಯುವಾಗ ಬರಿಗೈ. ದಕ್ಷಿಣ ಅಮೆರಿಕದಲ್ಲಿ ಆಂಡೀಸ್ ಪರ್ವತದ ಪೂರ್ವಕ್ಕಿರುವ ಪೆಟಗೋನಿಯಾ ಒಣಗಿರುವುದು ಈ ಮಳೆನೆರಳಿನಿಂದಲೇ.

ಪ್ರಶ್ನೆ: ಹವಾಮಾನ, ವಾಯುಗುಣ ಎರಡೂ ಒಂದೇ ಅಲ್ವಾ?

ಉತ್ತರ: ಅಲ್ಲ. ಇವತ್ತು ಮೋಡ, ನಾಳೆ ಬಿಸಿಲು ಅನ್ನುವುದು ಹವಾಮಾನ. ಒಂದು ಜಾಗದಲ್ಲಿ ಸಾಮಾನ್ಯವಾಗಿ 30 ವರ್ಷದ ಲೆಕ್ಕ ಹಿಡಿದು ತೆಗೆದ ಸರಾಸರಿ ವಾಯುಗುಣ. ಕೊಡೆ ಹಿಡಿಯಬೇಕೋ ಬೇಡವೋ ಹೇಳುವುದು ಹವಾಮಾನ, ಕೊಡೆ ಕೊಳ್ಳಬೇಕೋ ಬೇಡವೋ ಹೇಳುವುದು ವಾಯುಗುಣ. ಗೊಂದಲಕ್ಕೆ ನಮ್ಮ ಭಾಷೆಯೂ ಕಾರಣ ಅನ್ನಿ. ಪಠ್ಯದಲ್ಲಿ ‘ವಾಯುಗುಣ’ ಅಂತ ಕಲಿಸುತ್ತೇವೆ, ಪೇಪರಿನಲ್ಲಿ ಮಾತ್ರ ‘ಹವಾಮಾನ ಬದಲಾವಣೆ’ ಅಂತ ಬರೆಯುತ್ತೇವೆ. ಮಕ್ಕಳು ಏನು ಮಾಡಬೇಕು ಪಾಪ.

ಪ್ರಶ್ನೆ: ಗೋಡೆ ಮೇಲಿನ ಭೂಪಟದಲ್ಲಿ ಗ್ರೀನ್‌ಲ್ಯಾಂಡ್, ಆಫ್ರಿಕಾ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಗ್ಲೋಬಿನಲ್ಲಿ ಹಾಗಿಲ್ಲ. ಯಾವುದನ್ನು ನಂಬಲಿ?

ಉತ್ತರ: ಗ್ಲೋಬನ್ನು. ಆಫ್ರಿಕಾ ಸುಮಾರು 3 ಕೋಟಿ ಚದರ ಕಿ.ಮೀ. ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ. ಅಂದರೆ ಹದಿನಾಲ್ಕು ಪಟ್ಟು ವ್ಯತ್ಯಾಸ.

ಹಳೇ ಪ್ಲಾಸ್ಟಿಕ್ ಚೆಂಡೊಂದನ್ನು ಕತ್ತರಿಸಿ ನೆಲದ ಮೇಲೆ ಚಪ್ಪಟೆಯಾಗಿ ಹಾಸಲು ನೋಡಿ. ಆಗುವುದಿಲ್ಲ. ಎಲ್ಲೋ ಹರಿಯಬೇಕು, ಇಲ್ಲ ಎಳೆಯಬೇಕು. ನಕ್ಷೆ ಮಾಡುವವರ ತಲೆನೋವೂ ಇದೇ. ನಿಮ್ಮ ಗೋಡೆಯ ಮೇಲಿರುವುದು 1569ರಲ್ಲಿ ಮರ್ಕೇಟರ್ ಅನ್ನುವ ನಕ್ಷೆಗಾರ ಮಾಡಿದ ಕ್ರಮದ ನಕ್ಷೆ ಇರಬೇಕು. ಅದು ಧ್ರುವದ ಕಡೆ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ಅಲ್ಲಿಗೆ ವಿಸ್ತೀರ್ಣ ನಾಲ್ಕು ಪಟ್ಟು. ಆತ ಮೋಸ ಮಾಡಲಿಲ್ಲ. ಆ ನಕ್ಷೆ ಹಡಗಿನವರಿಗಾಗಿ ಮಾಡಿದ್ದು. ಅದರಲ್ಲಿ ಎಳೆದ ನೇರ ಗೆರೆ ದಿಕ್ಸೂಚಿಯ ಒಂದೇ ದಿಕ್ಕನ್ನು ತೋರಿಸುತ್ತದೆ, ನಾವಿಕನಿಗೆ ಅಷ್ಟು ಸಾಕು. ಅದನ್ನು ತಂದು ಕ್ಲಾಸಿನ ಗೋಡೆಗೆ ನೇತುಹಾಕಿ ದೇಶಗಳ ಗಾತ್ರ ಕಲಿಸಿದ್ದು ನಮ್ಮ ತಪ್ಪು.

ಪ್ರಶ್ನೆ: ಎವರೆಸ್ಟಿನ ತುದಿಯಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಇದೆಯಂತೆ. ವಾಟ್ಸಾಪಲ್ಲಿ ಬಂತು. ಸುಳ್ಳು ತಾನೇ?

ಉತ್ತರ: ಈ ಒಂದು ಸಲ ವಾಟ್ಸಾಪ್ ನಿಜ ಹೇಳಿದೆ! ಎವರೆಸ್ಟಿನ ತುದಿಯ ಸುಣ್ಣಕಲ್ಲು ಸಮುದ್ರದ ತಳದಲ್ಲಿ ಆದದ್ದು, ಅದರಲ್ಲಿ ಸಮುದ್ರಜೀವಿಗಳ ಗುರುತುಗಳಿವೆ. ಸಮುದ್ರ 8,848 ಮೀಟರ್ ಮೇಲೆ ಹೋಗಲಿಲ್ಲ, ಸಮುದ್ರದ ತಳವೇ ಮೇಲೆ ಬಂತು.

ಭೂಮಿಯ ಹೊರಪದರ ಒಂದೇ ತುಂಡಲ್ಲ. ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಅವು ವರ್ಷಕ್ಕೆ ಕೆಲವು ಸೆಂಟಿಮೀಟರ್ ಜರುಗುತ್ತವೆ. ನಿಮ್ಮ ಉಗುರು ಬೆಳೆಯುವ ವೇಗ ಅಂದುಕೊಳ್ಳಿ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತವನ್ನು ಹೊತ್ತ ಫಲಕ ಏಷ್ಯಾದ ಫಲಕಕ್ಕೆ ಗುದ್ದಿತು, ನಡುವಿನ ಸಮುದ್ರದ ತಳ ನೆರಿಗೆ ನೆರಿಗೆಯಾಗಿ ಮೇಲೆದ್ದಿತು. ಗುದ್ದಾಟ ಇನ್ನೂ ನಿಂತಿಲ್ಲ, ಅದಕ್ಕೇ ಅಲ್ಲಿ ಭೂಕಂಪ ಜಾಸ್ತಿ. ಆ ಕಡೆ ಅಟ್ಲಾಂಟಿಕ್ ಸಾಗರ ವರ್ಷಕ್ಕೆ ಎರಡೂವರೆ ಸೆಂಟಿಮೀಟರಿನಷ್ಟು ಅಗಲವಾಗುತ್ತಿದೆ. 1492ರಲ್ಲಿ ಕೊಲಂಬಸ್ ದಾಟಿದ್ದಕ್ಕಿಂತ ಈಗ ಸುಮಾರು 13 ಮೀಟರ್ ಜಾಸ್ತಿ ದಾಟಬೇಕು.

ಖಂಡಗಳು ಜರುಗುತ್ತವೆ ಅಂತ 1912ರಲ್ಲೇ ಹೇಳಿದ್ದು ಜರ್ಮನಿಯ ಆಲ್ಫ್ರೆಡ್ ವೆಗೆನರ್. ದಕ್ಷಿಣ ಅಮೆರಿಕ, ಆಫ್ರಿಕಾ ಎರಡರ ಅಂಚು ಹೊಂದುತ್ತದೆ, ಸಿಹಿನೀರಿನಲ್ಲಿದ್ದ ಒಂದೇ ಜಾತಿಯ ಸಣ್ಣ ಸರೀಸೃಪದ ಪಳೆಯುಳಿಕೆ ಎರಡೂ ಕಡೆ ಸಿಗುತ್ತದೆ, ಅದು ಸಾಗರ ಈಜಿಕೊಂಡು ಹೋಯಿತಾ ಅಂತ ಅವರ ವಾದ. ಆದರೆ ಖಂಡಗಳನ್ನು ತಳ್ಳುವುದು ಯಾವುದು ಅನ್ನುವುದಕ್ಕೆ ಅವರ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಭೂವಿಜ್ಞಾನಿ ಅಲ್ಲ, ಹವಾಮಾನದವರು ಬೇರೆ. ಬಹಳ ಜನ ನಕ್ಕರು. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಸಾಗರದ ತಳದ ಪರೀಕ್ಷೆ ನಡೆದು ಜನ ಒಪ್ಪಿದ್ದು 1960ರ ದಶಕದಲ್ಲಿ. ಇದನ್ನು ಬರೆಯುವಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಪ್ರಶ್ನೆ: ಜನಸಾಂದ್ರತೆ ಅಂದರೆ ಜನರನ್ನು ವಿಸ್ತೀರ್ಣದಿಂದ ಭಾಗಿಸುವುದು. ಅಷ್ಟು ಗೊತ್ತಾದರೆ ದೇಶ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತಾ?

ಉತ್ತರ: ಭಾಗಾಕಾರ ಸರಿ, ನಂಬಿಕೆ ಬೇಡ. ಈಜಿಪ್ಟ್ ನೋಡಿ. 10 ಕೋಟಿಗೂ ಜಾಸ್ತಿ ಜನ, ಸುಮಾರು 10 ಲಕ್ಷ ಚದರ ಕಿ.ಮೀ. ನೆಲ. ಚದರ ಕಿ.ಮೀ.ಗೆ ನೂರು ಚಿಲ್ಲರೆ. ಆರಾಮಾಗಿದ್ದಾರೆ ಅನಿಸುತ್ತದೆ. ಆದರೆ ಹೆಚ್ಚುಕಡಿಮೆ ನೂರಕ್ಕೆ 95 ಜನ ಇರುವುದು ನೈಲ್ ನದಿಯ ದಂಡೆ ಮತ್ತು ಮುಖಜ ಭೂಮಿಯಲ್ಲಿ, ಅದು ದೇಶದ ನೂರಕ್ಕೆ ಐದು ಪಾಲು ಇದ್ದರೆ ಹೆಚ್ಚು. ಹಸಿರು ಮುಗಿಯುವ ಕಡೆ ಒಂದು ಕಾಲು ಬೆಳೆಯಲ್ಲಿ, ಇನ್ನೊಂದು ಕಾಲು ಮರಳಲ್ಲಿ ಇಟ್ಟು ನಿಲ್ಲಬಹುದು, ಅಷ್ಟು ಚೂಪಾದ ಅಂಚು.

ಹಾಗಂತ ನೀರಿದ್ದಲ್ಲೇ ಜನ ಅಂತಲೂ ಅಲ್ಲ. ಸಿಂಗಪುರಕ್ಕೆ ಸಾಕಷ್ಟು ಕುಡಿಯುವ ನೀರಿರಲಿಲ್ಲ, ಮಲೇಷ್ಯಾದಿಂದ ಪೈಪಿನಲ್ಲಿ ತರಿಸಿಕೊಂಡರು. ಗಣಿ ಇಲ್ಲ, ಹೊಲ ಇಲ್ಲ. ಇದ್ದದ್ದು ಒಂದೇ, ಮಲಕ್ಕಾ ಜಲಸಂಧಿಯ ಬಾಯಲ್ಲಿ ಜಾಗ, ಪೂರ್ವ ಪಶ್ಚಿಮದ ಹಡಗುಗಳು ಹಾಯುವ ದಾರಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಆ ದಾರಿಗೆ ಇನ್ನೂ ಬೆಲೆ ಬಂತು. ಯೋಚನೆ ಮಾಡಿ, ಸಾವಿರಾರು ಕಿ.ಮೀ. ಆಚೆ ಯಾರೋ ಮರಳು ತೋಡಿದ್ದಕ್ಕೆ ಇಲ್ಲಿನ ಬಂದರು ಬೆಳೆಯಿತು. ಊರಿನ ಹಣೆಬರಹದಲ್ಲಿ ಅದರ ನೆಲ ಎಂಥದ್ದು ಅನ್ನುವಷ್ಟೇ ಅದು ಯಾವುದರ ದಾರಿಯಲ್ಲಿದೆ ಅನ್ನುವುದೂ ಮುಖ್ಯ. ಹಳೇ ದಾರಿ ಬಿಟ್ಟು ಹೊಸ ದಾರಿ ಆದಾಗ ಮುಚ್ಚಿಹೋಗುವ ಊರುಗಳೂ ಇವೆ, ಅವುಗಳ ಹೆಸರು ಪಾಠದಲ್ಲಿ ಬರುವುದಿಲ್ಲ ಅಷ್ಟೇ.

ಪ್ರಶ್ನೆ: ದೊಡ್ಡ ಪ್ರಮಾಣದ ನಕ್ಷೆ ಅಂದರೆ ಇಡೀ ಪ್ರಪಂಚದ ನಕ್ಷೆನಾ?

ಉತ್ತರ: ಉಲ್ಟಾ. ನೆಲದ ಮೇಲಿನ ದೂರವನ್ನು ನಕ್ಷೆಯಲ್ಲಿ ಎಷ್ಟನೇ ಒಂದು ಭಾಗಕ್ಕೆ ಕುಗ್ಗಿಸಿದ್ದಾರೆ ಅನ್ನುವುದೇ ಪ್ರಮಾಣ. ಒಂದು ಬಡಾವಣೆಯ ನಕ್ಷೆ ದೊಡ್ಡ ಪ್ರಮಾಣದ್ದು, ಪ್ರಪಂಚದ ನಕ್ಷೆ ಸಣ್ಣ ಪ್ರಮಾಣದ್ದು. ನಾನೂ ಒಮ್ಮೆ ಕ್ಲಾಸಿನಲ್ಲಿ ತಿರುಗಿಸಿ ಹೇಳಿ ಸಿಕ್ಕಿಬಿದ್ದಿದ್ದೆ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ‘ಸರ್, 1:10,000 ಅಂದರೆ ಹತ್ತು ಸಾವಿರದಲ್ಲಿ ಒಂದು ಭಾಗ, 1:10,00,000 ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ಯಾವ ಭಾಗ ದೊಡ್ಡದು?’ ಅಂದಳು. ಅವತ್ತಿಂದ ಮರೆತಿಲ್ಲ.

ಪ್ರಶ್ನೆ: ಅಂತಾರಾಷ್ಟ್ರೀಯ ದಿನಾಂಕ ರೇಖೆ ಯಾಕೆ ಸೊಟ್ಟಗಿದೆ? 180 ಡಿಗ್ರಿ ರೇಖಾಂಶ ನೇರ ಇರಬೇಕಲ್ಲ?

ಉತ್ತರ: ರೇಖಾಂಶ ನೇರವೇ ಇದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ಒಂದು ಸುತ್ತು ಬಂದಾಗ ಎಲ್ಲೋ ಒಂದು ಕಡೆ ತಾರೀಖು ಬದಲಾಗಲೇಬೇಕು. ಎಲ್ಲಿ ಅನ್ನುವುದು ಮಾತ್ರ ಜನ ಮಾಡಿಕೊಂಡ ಏರ್ಪಾಡು. ದ್ವೀಪಗಳನ್ನು ಸೀಳಿಕೊಂಡು ಹೋದರೆ ಈ ದಡದಲ್ಲಿ ಸೋಮವಾರ, ಆ ದಡದಲ್ಲಿ ಮಂಗಳವಾರ ಆಗುತ್ತದೆ. ಅದಕ್ಕೇ ರೇಖೆ ಬಳಸಿಕೊಂಡು ಹೋಗುತ್ತದೆ.

ಪೆಸಿಫಿಕ್ ಸಾಗರದ ಸಮೋವಾ ದೇಶ 1892ರಲ್ಲಿ ಅಮೆರಿಕದ ಜೊತೆ ವ್ಯಾಪಾರಕ್ಕೆ ಅನುಕೂಲ ಅಂತ ರೇಖೆಯ ಪೂರ್ವಕ್ಕೆ, ಅಂದರೆ ತಾರೀಖು ಒಂದು ದಿನ ಹಿಂದಿರುವ ಕಡೆಗೆ ಬಂತು, ಆ ವರ್ಷ ಜುಲೈ 4 ಅಲ್ಲಿ ಎರಡು ಸಲ ಆಯಿತು. ನೂರಿಪ್ಪತ್ತು ವರ್ಷ ಆಗುವಷ್ಟರಲ್ಲಿ ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ತಿರುಗಿತ್ತು. ಇವರದು ಶುಕ್ರವಾರ ಆಗಿದ್ದಾಗ ಅವರಿಗೆ ಶನಿವಾರ, ರಜಾ. ಇವರದು ಭಾನುವಾರ ಆಗಿದ್ದಾಗ ಅವರಿಗೆ ಸೋಮವಾರ, ಕೆಲಸ. ವಾರಕ್ಕೆ ಎರಡು ದಿನ ಸುಮ್ನೆ ಹೋಗುತ್ತಿತ್ತು. ಸರಿ, ಪಶ್ಚಿಮಕ್ಕೆ ವಾಪಸ್. 2011ರ ಡಿಸೆಂಬರ್ 29ರ ರಾತ್ರಿ ಮಲಗಿದವರು ಎದ್ದಾಗ ಡಿಸೆಂಬರ್ 31 ಆಗಿತ್ತು. 30ಕ್ಕೆ ಹುಟ್ಟುಹಬ್ಬ ಇದ್ದವರಿಗೆ ಆ ವರ್ಷ ಹುಟ್ಟುಹಬ್ಬವೇ ಇಲ್ಲ.