ಅಭ್ಯರ್ಥಿಯ ಮೇಲಿನ ಟೀಕೆಯಲ್ಲಿ ಯಾವುದು ನಿಜ, ಯಾವುದು ಗಾಳಿಮಾತು? ಇದಕ್ಕೆ ನಿಷ್ಪಕ್ಷಪಾತ ಮೂಲ ಯಾವುದಾದರೂ ಇದೆಯೇ?

ನಿಷ್ಪಕ್ಷಪಾತ ಮೂಲಕ್ಕಾಗಿ ನಾನೂ ಹುಡುಕಾಡಿದವನೇ. ಅಂಥದ್ದು ಸಿಗಲ್ಲ, ಬೇಕಾಗಿಯೂ ಇಲ್ಲ. ಅಭ್ಯರ್ಥಿಯ ಹುಳುಕನ್ನು ಎದುರಾಳಿಗಳಷ್ಟು ಶ್ರದ್ಧೆಯಿಂದ ಕೆದಕುವವರು ಬೇರೆ ಯಾರಿದ್ದಾರೆ? ಹೇಳಿದ್ದು ವಿರೋಧಿ ಅಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಆ ಮಾತು ನಿಜವಾಗಿದ್ದರೆ ಯಾವ ದಾಖಲೆಯ ಯಾವ ಸಾಲಿನಲ್ಲಿ ಇರಬೇಕು, ಅಷ್ಟು ಕೇಳಿಕೊಳ್ಳಿ.

ನಾನು ಎಡವಿದ್ದು ದಾಖಲೆ ಕೈಯಲ್ಲಿ ಇಟ್ಟುಕೊಂಡೇ. ಒಬ್ಬ ಅಭ್ಯರ್ಥಿ ಎರಡು ಚುನಾವಣೆಗಳಲ್ಲಿ ನಾಮಪತ್ರದ ಜೊತೆ ಕೊಟ್ಟ ಅಫಿಡವಿಟ್ (ಪ್ರಮಾಣಪತ್ರ) ತೆಗೆದು, ಕೊನೆಯ ಪುಟಗಳ ಒಟ್ಟು ಮೊತ್ತ ಹೋಲಿಸಿ, 'ಐದು ವರ್ಷದಲ್ಲಿ ಆಸ್ತಿ ಮೂರು ಪಟ್ಟು' ಅಂತ ಬರೆದು ಹಂಚಿಬಿಟ್ಟೆ. ಎರಡೂ ಅಂಕಿ ಸರಿಯಿದ್ದವು, ಹೇಳಿದ್ದು ತಪ್ಪು. ಯಾಕೆಂದರೆ ಅಫಿಡವಿಟ್ ಅಂದರೆ ನಮೂನೆ 26. ಅದರ 'ಬಿ' ಭಾಗ ಬರೀ ಸಾರಾಂಶ. ಅಸಲು ವಿವರ ಇರುವುದು 'ಎ' ಭಾಗದ 7ನೇ ಕಲಮಿನಲ್ಲಿ. ಪ್ರತಿ ಜಮೀನಿಗೂ ಅಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೇ ಅಲ್ಲವೇ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಅಭಿವೃದ್ಧಿಗೆ ಹಾಕಿದ ಹಣ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಎಲ್ಲಕ್ಕೂ ಜಾಗವಿದೆ. ಒಟ್ಟು ಮೊತ್ತಕ್ಕೆ ಸೇರುವುದು ಆ ಮಾರುಕಟ್ಟೆ ಬೆಲೆ. ಅವರ ಜಮೀನು ಎರಡೂ ಸಲ ಅದೇ ಸರ್ವೆ ನಂಬರಿನದು, ಅದೇ 4 ಎಕರೆ, ಅಪ್ಪನಿಂದ ಬಂದದ್ದು. ಪಕ್ಕದ ಪಟ್ಟಣ ಬೆಳೆದು ಎಕರೆಯ ಬೆಲೆ ಏರಿತ್ತು, ಅಷ್ಟೇ. ಅವರ ಕಡೆಯವರು ಪಹಣಿ ತಂದು ತೋರಿಸಿದರು, ನನ್ನ ಬಾಯಿ ಮುಚ್ಚಿತು.

ಹೊಟ್ಟೆ ಉರಿದದ್ದು ಅದಕ್ಕಲ್ಲ. ಕೇಳಬೇಕಾಗಿದ್ದ ಪ್ರಶ್ನೆ 8ನೇ ಕಲಮಿನಲ್ಲಿ, ಸಾಲದ ಪಟ್ಟಿಯಲ್ಲಿತ್ತು: ಬ್ಯಾಂಕಿನದಲ್ಲದ, ಒಬ್ಬ ವ್ಯಕ್ತಿಯಿಂದ ತಂದ ದೊಡ್ಡ ಕೈಗಡ. ನಾನು ಆಸ್ತಿಯ ವಿಷಯದಲ್ಲಿ ಸುಳ್ಳನಾದ ಮೇಲೆ ಆ ಸಾಲದ ಮಾತೆತ್ತಿದರೆ ಕೇಳುವವರೇ ಇರಲಿಲ್ಲ.

ಹಾಗಾಗಿ ಆಸ್ತಿಯ ಆರೋಪ ಬಂದರೆ ಮೊತ್ತವನ್ನು ಮುಟ್ಟಬೇಡಿ, ಸರ್ವೆ ನಂಬರುಗಳನ್ನು ಎದುರುಬದುರು ಇಟ್ಟು ನೋಡಿ. ಹಿಂದೆ ಇಲ್ಲದ ನಂಬರ್ ಈಗ ಇದ್ದರೆ ಅದು ಹೊಸ ಆಸ್ತಿ ಇರಬಹುದು. ಕರ್ನಾಟಕದ ಜಮೀನಾದರೆ ಭೂಮಿ ಜಾಲತಾಣದಲ್ಲಿ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ತೆಗೆಯಿರಿ. ಕ್ರಯದಿಂದ ಬಂತೋ, ಪೌತಿಯಿಂದಲೋ (ಮಾಲೀಕ ಸತ್ತ ಮೇಲೆ ವಾರಸಿಗೆ), ವಿಭಾಗದಿಂದಲೋ ತಿಳಿಯುತ್ತದೆ. ಕ್ರಯವಾಗಿದ್ದರೆ ಆ ವರ್ಷದ ಆದಾಯದ ಪಕ್ಕದಲ್ಲಿಟ್ಟು ನೋಡಿ. 2019ರ ತಿದ್ದುಪಡಿಯ ನಂತರ ನಮೂನೆಯಲ್ಲೇ 5 ವರ್ಷಗಳ ಆದಾಯ ತೆರಿಗೆ ವಿವರ ಇರುತ್ತದೆ. ಆಸ್ತಿ ಇಳಿದಂತೆ ಕಂಡರೂ ಹುಷಾರು: ಹಿಂದೆ ಅವಲಂಬಿತನಾಗಿದ್ದ ಮಗ ಈಗ ದುಡಿಯುತ್ತಿದ್ದರೆ ಅವನ ಆಸ್ತಿ ಪಟ್ಟಿಯಿಂದಲೇ ಹೊರಗೆ. ಈಗಿನ ಅಫಿಡವಿಟ್ ಚುನಾವಣಾ ಆಯೋಗದ ತಾಣದಲ್ಲಿ ಸಿಗುತ್ತದೆ. ಹಳೆಯವು ಎಡಿಆರ್ ಎಂಬ ಸಂಸ್ಥೆಯವರು ನಡೆಸುವ ಮೈನೇತಾ ತಾಣದಲ್ಲೂ ಇವೆ, ಆದರೆ ಅವರು ಟೈಪ್ ಮಾಡಿದ ಕೋಷ್ಟಕಕ್ಕೆ ನಿಲ್ಲದೆ ಸ್ಕ್ಯಾನ್ ಪ್ರತಿಯನ್ನೇ ತೆರೆಯಿರಿ.

'ಇಷ್ಟು ಕ್ರಿಮಿನಲ್ ಕೇಸು ಇವೆ' ಅನ್ನುವುದಕ್ಕೆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಎಫ್‌ಐಆರ್, ಚಾರ್ಜ್‌ಶೀಟ್, ನ್ಯಾಯಾಲಯ ದೋಷಾರೋಪ ನಿಗದಿ ಮಾಡಿದ್ದು, ಶಿಕ್ಷೆ – ಇವು ನಾಲ್ಕು ಬೇರೆ ಬೇರೆ ಮೆಟ್ಟಿಲು. ಎಫ್‌ಐಆರ್ ಯಾರು ಬೇಕಾದರೂ ಕೊಟ್ಟ ದೂರಿನಿಂದ ಹುಟ್ಟಬಹುದು, ಪೊಲೀಸರು ಸಾಕ್ಷ್ಯವಿಲ್ಲ ಅಂತ ಬಿ ರಿಪೋರ್ಟ್ ಹಾಕಿ ಮುಗಿಸಿಯೂ ಇರಬಹುದು. ದೋಷಾರೋಪ ನಿಗದಿಯಾಗಿದೆ ಅಂದರೆ ವಿಚಾರಣೆ ನಡೆಸುವಷ್ಟು ಆಧಾರ ಇದೆ ಅಂತ ನ್ಯಾಯಾಧೀಶರಿಗೆ ಅನ್ನಿಸಿದೆ, ಅಲ್ಲಿಂದ ಮುಂದೆ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಬಾಕಿ ಪ್ರಕರಣ 5ನೇ ಕಲಮಿನಲ್ಲಿ, ಶಿಕ್ಷೆಯಾದವು 6ರಲ್ಲಿ.

ಸೆಕ್ಷನ್ ಓದುವಾಗ ಯಾವ ಕಾಯ್ದೆಯದು ಅಂತ ಮೊದಲು ನೋಡಿ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 302 ಕೊಲೆ, ಹೊಸದರಲ್ಲಿ ಕೊಲೆಗೆ 103. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವಾಗುವಂತೆ ಮಾತಾಡಿದ್ದಕ್ಕೆ. '302 ಕೇಸಿನ ಆರೋಪಿ' ಅಂತ ಒಂದು ಪೋಸ್ಟರ್ ಆಗಲು ಇಷ್ಟು ಸಾಕು. ಹಾಗೆಯೇ ಐಪಿಸಿ 143, 341, 188 ಒಟ್ಟಿಗಿದ್ದರೆ ಬಹುಪಾಲು ರಸ್ತೆ ತಡೆ, ಪ್ರತಿಭಟನೆಯ ಕೇಸು. ಅಂಥವು ಹತ್ತಿದ್ದರೂ ನನಗೆ ಚಿಂತೆಯಿಲ್ಲ, 409 ಒಂದಿದ್ದರೆ ಇದೆ: ಸಾರ್ವಜನಿಕ ನೌಕರನೋ ಬ್ಯಾಂಕರನೋ ಏಜೆಂಟನೋ ತನ್ನ ವಶಕ್ಕೆ ಕೊಟ್ಟದ್ದನ್ನು ನುಂಗಿದ ಆರೋಪ ಅದು.

ನ್ಯಾಯಾಲಯಗಳ ಪ್ರಕರಣ ಹುಡುಕುವ ತಾಣ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಊರವರೆಲ್ಲ ಬರುತ್ತಾರೆ. ಅಫಿಡವಿಟ್‌ನಲ್ಲಿರುವ ಎಫ್‌ಐಆರ್ ಸಂಖ್ಯೆ, ವರ್ಷ, ಠಾಣೆ ಹಾಕಿ. ಪ್ರತಿ ಪ್ರಕರಣಕ್ಕೂ ಬೇರೆಯೇ ಇರುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಸಿಕ್ಕರೆ ಇನ್ನೂ ಸಲೀಸು. ಶಾಸಕರ, ಸಂಸದರ ಪ್ರಕರಣ ಜಿಲ್ಲೆಯಲ್ಲಿ ಕಾಣದಿದ್ದರೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯದಲ್ಲಿ ನೋಡಿ, ಅನೇಕವು ಅಲ್ಲಿಗೆ ವರ್ಗವಾಗಿವೆ.

'ಸದನದಲ್ಲಿ ಒಂದೂ ಪ್ರಶ್ನೆ ಕೇಳಿಲ್ಲ' ಅನ್ನುವ ಆರೋಪ ಸಂಸದರ ಮೇಲಿದ್ದರೆ ಅವರು ಆಗ ಸಚಿವರಾಗಿದ್ದರೇ ನೋಡಿ. ಸಚಿವರು ಉತ್ತರ ಕೊಡುವವರು, ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಅವರು ಮಾಡುವುದು ಶಿಫಾರಸು, ಮಂಜೂರು ಮಾಡುವುದು ಜಿಲ್ಲಾಡಳಿತ. 'ಖರ್ಚೇ ಮಾಡಿಲ್ಲ' ಅಂದರೆ ಶಿಫಾರಸು ಆಗಿಲ್ಲವೋ, ಮಂಜೂರಾಗಿಲ್ಲವೋ, ಬಿಲ್ ಬಾಕಿಯೋ ಅಂತ ತಿರುಗಿ ಕೇಳಿ.

ಅಫಿಡವಿಟ್ ಅಂದಮೇಲೆ ಎಲ್ಲಾ ಸತ್ಯ ಅಂತಲೂ ಅಲ್ಲ. ನಾಮಪತ್ರ ಪರಿಶೀಲಿಸುವ ಚುನಾವಣಾಧಿಕಾರಿ ಕಲಮು ತುಂಬಿದೆಯೇ ನೋಡುತ್ತಾರೆ, ತುಂಬಿದ್ದು ನಿಜವೇ ಅಂತ ತನಿಖೆ ಮಾಡುವುದಿಲ್ಲ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಅಡಿ 6 ತಿಂಗಳವರೆಗೆ ಸಜೆ ಇದೆ, ಆದರೆ ಅದಕ್ಕೆ ಸಾಮಾನ್ಯವಾಗಿ ನ್ಯಾಯಾಲಯಕ್ಕೇ ಹೋಗಬೇಕು. ಅಭ್ಯರ್ಥಿ ಬರೆದದ್ದು ಸುಳ್ಳು ಅಂತ ಯಾರಾದರೂ ಪ್ರತಿ-ಅಫಿಡವಿಟ್ ಸಲ್ಲಿಸಿದ್ದರೆ ಅದನ್ನು ಬಿಡದೆ ಓದಿ. ಪ್ರಮಾಣ ಮಾಡಿ ಸಹಿ ಹಾಕಿದ ಟೀಕೆ ವಾಟ್ಸಾಪ್ ಟೀಕೆಗಿಂತ ತೂಕದ್ದು.

ಇನ್ನು ಮತದಾನಕ್ಕೆ ಮುಂಚಿನ ಕೊನೆಯ 48 ಗಂಟೆ. ಬಹಿರಂಗ ಪ್ರಚಾರ ನಿಂತಿರುತ್ತದೆ, ಸಭೆ ಕರೆದು ಉತ್ತರ ಕೊಡಲು ಅಭ್ಯರ್ಥಿಗೆ ದಾರಿ ಇರುವುದಿಲ್ಲ. ಆಗ ಬಂದದ್ದನ್ನು ನಾನು ಯಾರಿಗೂ ಕಳಿಸುವುದಿಲ್ಲ. ಎಫ್‌ಐಆರ್ ಸಂಖ್ಯೆಯೋ ಸರ್ವೆ ನಂಬರೋ ಇದ್ದರೆ ಲ್ಯಾಪ್‌ಟಾಪ್ ತೆರೆಯುತ್ತೇನೆ, ಇಲ್ಲದಿದ್ದರೆ ಅದೂ ಇಲ್ಲ.